ಇವತ್ತು ಎಷ್ಟು

ಬೆಳಿಗ್ಗೆ ಎದ್ದು ಬಾಯಿ ತೆರೆದರೆ ಎಡಗಿವಿಯ ಮುಂದೆ ಕಟಕ್ ಎಂದಿತು. ಅವನು ಕನ್ನಡಿಯ ಮುಂದೆ ನಿಂತು, ಬೆರಳುಗಳನ್ನು ಒಂದರ ಮೇಲೊಂದು ಜೋಡಿಸಿ, ಹಲ್ಲುಗಳ ನಡುವೆ ತೂರಿಸಿ ನೋಡಿದ. ಮೂರು ಬೆರಳು ಹಿಡಿಯಬೇಕು ಎಂದಿದ್ದರು ಡಾಕ್ಟರು. ಎರಡು ಹಿಡಿಯಿತು, ಅದೂ ಒಲ್ಲೆ ಒಲ್ಲೆ ಎನ್ನುತ್ತ. ಸೊಂಟದ ನೋವು ಆಗಲೇ ಎದ್ದು ಕೂತಿತ್ತು. ಅದು ಅವನಿಗಿಂತ ಮೊದಲು ಏಳುತ್ತದೆ, ಅವನಿಗಿಂತ ತಡವಾಗಿ ಮಲಗುತ್ತದೆ, ವರ್ಷಗಳಿಂದ ಹೀಗೇ. ಬೆನ್ನಿನ ಬುಡದಲ್ಲಿ ಹುಟ್ಟಿ ಎಡತೊಡೆಯ ಹಿಂಭಾಗ ಹಿಡಿದು ಮೊಣಕಾಲಿನ ತನಕ ಇಳಿಯುವ ಆ ನೋವಿಗೆ ಯಾವ ಸ್ಕ್ಯಾನಿಂಗಿನಲ್ಲೂ ಕಾರಣ ಸಿಕ್ಕಿರಲಿಲ್ಲ. ಎಲ್ಲ ರಿಪೋರ್ಟೂ ನಾರ್ಮಲ್. ನಾರ್ಮಲ್ ಎನ್ನುವಾಗ ಡಾಕ್ಟರುಗಳ ಮುಖದಲ್ಲಿ ಬರುವ ಆ ನಗು ನೋಡಿದಾಗಲೆಲ್ಲ, ದೇವರೇ, ಒಂದು ಮೂಳೆಯಾದರೂ ನಿಜಕ್ಕೂ ಮುರಿದಿರಬಾರದಿತ್ತೇ ಎಂದು ಅವನಿಗೆ ಅನ್ನಿಸುತ್ತಿತ್ತು. ಈಗ ಕೆಲವು ತಿಂಗಳಿಂದ ದವಡೆಯೂ ಜೊತೆಗೂಡಿದೆ. “ಸೊಂಟದ ನೋವನ್ನ ನೀವು ಹಲ್ಲಲ್ಲಿ ಹಿಡ್ಕೊಂಡಿದೀರಿ,” ಎಂದಿದ್ದರು ಹಲ್ಲಿನ ಡಾಕ್ಟರು, ಕೆನ್ನೆಯ ಸ್ನಾಯುವನ್ನು ಹೆಬ್ಬೆರಳಲ್ಲಿ ಒತ್ತಿ. ಅವನ ಕಣ್ಣಲ್ಲಿ ನೀರು ಬಂದಿತ್ತು. ಚಿಕ್ಕಂದಿನಿಂದ ಎಲ್ಲರೂ ಹೇಳಿಕೊಟ್ಟದ್ದು ಅದನ್ನೇ ತಾನೆ, ಹಲ್ಲು ಕಚ್ಚಿ ತಡ್ಕೋ ಅಂತ. ತಡೆದುಕೊಂಡ. ಈಗ ತಡೆದುಕೊಂಡದ್ದಕ್ಕೂ ಬೇರೆ ಔಷಧಿ.

ಕನ್ನಡಿಯ ಮೂಲೆಯಲ್ಲಿ ನೀಲಿ ಚುಕ್ಕೆ ಕಾಣಿಸಿತು. ಡಾಕ್ಟರು ಹೇಳಿಕೊಟ್ಟ ಉಪಾಯ ಅದು: ಅಂಗಡಿಯಲ್ಲಿ ಸಿಗುವ ಅಂಟಿನ ಚುಕ್ಕೆಗಳನ್ನು ತಂದು ದಿನವೂ ಕಣ್ಣು ಬೀಳುವ ಜಾಗದಲ್ಲೆಲ್ಲ ಹಚ್ಚಬೇಕು, ಚುಕ್ಕೆ ಕಂಡಾಗಲೆಲ್ಲ ದವಡೆ ಸಡಿಲ ಬಿಡಬೇಕು. ತುಟಿ ಸೇರಿರಲಿ, ಹಲ್ಲು ಬಿಟ್ಟಿರಲಿ. ಮನುಷ್ಯ ಸುಮ್ಮನೆ ಇರುವಾಗ ಹಲ್ಲಿಗೆ ಹಲ್ಲು ತಾಗಲೇಬಾರದಂತೆ. ತಾಗಿಸದೆ ಬದುಕಿದವರು ಯಾರಿದ್ದಾರೋ ಅವರನ್ನೊಮ್ಮೆ ನೋಡಬೇಕು. ಅವನು ಕನ್ನಡಿಗೆ, ಟೀವಿಯ ಅಂಚಿಗೆ, ಮಂಚದ ತಲೆಯ ಕಡೆಗೆ, ಬಾಗಿಲಿನ ಚಿಲಕಕ್ಕೆ ಹಚ್ಚಿದ್ದ. “ನಮ್ಮನೆಗೆ ನೀಲಿ ಸಿಡುಬು ಬಂದಿದೆ,” ಎಂದು ಕಾಲೇಜಿಗೆ ಹೋಗುವ ಮಗಳು ನಕ್ಕಿದ್ದಳು. ಅವನು ನಗಲಿಲ್ಲ. ಅವನು ನಗದೇ ಇದ್ದದ್ದನ್ನು ನೋಡಿ ಅವಳ ಅಮ್ಮ “ಹೋಗು, ಓದ್ಕೋ ಹೋಗು” ಎಂದಳು. ಆ ಹುಡುಗಿಗೆ ಅದೆಷ್ಟು ಸಲ ಹೀಗೆ ಓದು ಬಂದಿದೆಯೋ. ಅಪ್ಪನ ನೋವು ಜಾಸ್ತಿಯಾದಾಗಲೆಲ್ಲ ಅವಳು ಓದಿಕೊಂಡಿದ್ದಾಳೆ. ಅದಕ್ಕೇ ಇರಬೇಕು, ಪರೀಕ್ಷೆಯಲ್ಲಿ ತರಗತಿಗೇ ಮೊದಲು ಬರುತ್ತಾಳೆ.

“ಡಬ್ಬೀಲಿ ಸೇಬು ಇಟ್ಟಿದೀನಿ. ತೆಳ್ಳಗೇ ಹೆಚ್ಚಿದೀನಿ, ಅಗಿಯೋ ಹಾಗೇನೂ ಇಲ್ಲ,” ಎಂದಳು ಹೆಂಡತಿ ಅಡುಗೆಮನೆಯಿಂದಲೇ. ಅವಳು ಚಿಕ್ಕ ಮಕ್ಕಳ ಶಾಲೆಯಲ್ಲಿ ಲೆಕ್ಕದ ಟೀಚರು, ಅವನಿಗಿಂತ ಬೇಗ ಹೊರಡಬೇಕು. ಹೂಂ ಎಂದ. ಥ್ಯಾಂಕ್ಸ್ ಅನ್ನುವ ಪದ್ಧತಿ ಮನೆಯಲ್ಲಿ ಎಂದೂ ಇರಲಿಲ್ಲ. ಇದ್ದ ಪದ್ಧತಿ ಬೇರೆಯದು. ವರ್ಷಗಳ ಹಿಂದೆ ನೋವಿನ ಕ್ಲಿನಿಕ್ಕೊಂದರಲ್ಲಿ ನರ್ಸಮ್ಮ ಅವರಿಬ್ಬರನ್ನೂ ಕೂರಿಸಿ ಕಲಿಸಿದ್ದಳು: ಸೊನ್ನೆ ಅಂದರೆ ನೋವೇ ಇಲ್ಲ, ಹತ್ತು ಅಂದರೆ ತಡೆಯೋಕೇ ಆಗಲ್ಲ, ದಿನಾ ಒಂದು ಸಲ ಕೇಳಿ, ಒಂದು ಸಲ ಹೇಳಿ. ಕ್ಲಿನಿಕ್ಕು ಬಿಟ್ಟು ಎಷ್ಟೋ ಕಾಲವಾಯಿತು, ಕೇಳುವುದು ಉಳಿಯಿತು. ಸಂಜೆ ಅವನು ಚಪ್ಪಲಿ ಬಿಡುವಷ್ಟರಲ್ಲಿ ಅವಳು “ಇವತ್ತು ಎಷ್ಟು?” ಎನ್ನುತ್ತಾಳೆ. ಅವನು ಆರು ಎನ್ನುತ್ತಾನೆ, ಏಳೂವರೆ ಎನ್ನುತ್ತಾನೆ, ಎಂಟು ಎನ್ನುತ್ತಾನೆ. ಐದರೊಳಗಾದರೆ ಮಗಳು ಗೆಳತಿಯ ಮನೆಗೆ ಹೋಗಬಹುದು, ಟೀವಿಯ ಸದ್ದು ಇಷ್ಟು ಇರಬಹುದು, ಹೆಂಡತಿ ತನ್ನ ಅಕ್ಕನಿಗೆ ಫೋನು ಮಾಡಬಹುದು. ಏಳು ದಾಟಿದರೆ ಮನೆ ಚಪ್ಪಲಿ ಕಳಚಿ ನಡೆಯುತ್ತದೆ. ಎಂಟಕ್ಕೆ ನಡುಮನೆಯ ದೀಪ ಆರುತ್ತದೆ. ಹೀಗೆ ಎಂದು ಅವನು ಯಾರಿಗೂ ಕಟ್ಟಳೆ ಮಾಡಿದ್ದಿಲ್ಲ, ಛೇ, ಅವನೇನು ರಾಕ್ಷಸನೇ? ತಾನಾಗಿಯೇ ಆದದ್ದು ಅದು.

ಕೆಲಸಕ್ಕೆ ಬಸ್ಸಿನಲ್ಲಿ ಹೋಗುತ್ತಾನೆ. ಹತ್ತುವಾಗ ಒಂದು ಸಣ್ಣ “ಅಮ್ಮಾ” ಎಂಬ ನರಳಿಕೆ ಬಾಯಿಂದ ಬರುತ್ತದೆ, ಯಾರಾದರೂ ಎದ್ದು ಸೀಟು ಬಿಡುತ್ತಾರೆ. ಆ ನರಳಿಕೆಯಲ್ಲಿ ಸೊಂಟದ್ದೆಷ್ಟು, ಸೀಟಿನದೆಷ್ಟು ಎಂದು ಅವನು ಯೋಚಿಸಲು ಹೋಗುವುದಿಲ್ಲ. ಇವತ್ತು ಸೀಟು ಬಿಟ್ಟದ್ದು ಒಬ್ಬ ಗರ್ಭಿಣಿ. ಅವಳು ಎದ್ದು ನಿಂತ ಮೇಲೆಯೇ ಅವನಿಗೆ ಅವಳ ಹೊಟ್ಟೆ ಕಂಡಿತು. ಕೂತಾಗಿತ್ತು. ಏಳಬೇಕು ಎಂದು ಎರಡು ಸ್ಟಾಪಿನ ತನಕ ಅಂದುಕೊಂಡ, ಅವಳು ಇಳಿದುಹೋದಳು. ಉಳಿದ ದಾರಿ ಪೂರ್ತಿ ಎದುರಿನ ಸೀಟಿನವರು ತನ್ನನ್ನೇ ನೋಡುತ್ತಿದ್ದಾರೆ ಅನ್ನಿಸಿ, ನೋವು ಮುಖದಲ್ಲಿ ಚೆನ್ನಾಗಿ ಕಾಣುವ ಹಾಗೆ ಕಣ್ಣುಮುಚ್ಚಿ ಕೂತ. ದವಡೆ ಆಗಲೂ ಬಿಗಿದೇ ಇತ್ತು. ಬಸ್ಸಿನಲ್ಲಿ ಚುಕ್ಕೆ ಇರಲಿಲ್ಲ.

ಅವನದು ಹಲ್ಲು ಮಾಡುವ ಕೆಲಸ. ಹಲ್ಲಿನ ಡಾಕ್ಟರುಗಳು ರೋಗಿಗಳ ಬಾಯಿಂದ ತೆಗೆದ ಅಚ್ಚು ಕಳಿಸುತ್ತಾರೆ, ಲ್ಯಾಬಿನಲ್ಲಿ ಆ ಅಚ್ಚಿಗೆ ಪ್ಲಾಸ್ಟರು ಹೊಯ್ದು ದವಡೆ ಮಾಡಿಕೊಂಡು, ಅದರ ಮೇಲೆ ಹಾಳಾದ ಹಲ್ಲಿಗೆ ಕೂರಿಸುವ ಟೋಪಿಯೋ ಕಟ್ಟುಹಲ್ಲೋ ಪೂರ್ತಿ ಹಲ್ಲುಸೆಟ್ಟೋ ಮಾಡಿ ಕಳಿಸಬೇಕು. ಒಂದು ಕಾಲಕ್ಕೆ ಅವನು ಟೋಪಿ ಕೆತ್ತುವುದರಲ್ಲಿ ಹೆಸರು ಮಾಡಿದವನು. ಸೊಂಟ ಹಿಡಿದ ಮೇಲೆ ಬಗ್ಗಿ ಕೆತ್ತಲು ಆಗದೆ, ಯಜಮಾನರು ಅವನಿಗೆ ನೈಟ್ ಗಾರ್ಡುಗಳನ್ನು ವಹಿಸಿದರು. ರಾತ್ರಿ ಹಲ್ಲು ಕಚ್ಚುವವರಿಗೆ, ಕಡಿಯುವವರಿಗೆ ಮೇಲಿನ ಹಲ್ಲುಗಳ ಮೇಲೆ ಕೂರಿಸುವ ಪಾರದರ್ಶಕ ಪ್ಲೇಟು ಅದು. ಸುಲಭದ ಕೆಲಸ. ಸುಲಭದ ಕೆಲಸ ಅಂತಲೇ ಕೊಟ್ಟರು, ಎಲ್ಲರೆದುರೇ ಹಾಗೆಂದು ಹೇಳಿಯೂ ಕೊಟ್ಟರು. ಜೊತೆಗೆ ಬೆನ್ನಿಗೆ ದಿಂಬು ಹೊಲಿದ ಎತ್ತರದ ಕುರ್ಚಿ; ಲ್ಯಾಬಿನವರು ಅದನ್ನು ಸಿಂಹಾಸನ ಎನ್ನುತ್ತಾರೆ, ಅವನಿಗೆ ಕೇಳಿಸುವುದಿಲ್ಲ ಎಂದುಕೊಂಡು. ಇವತ್ತೂ ಯಜಮಾನರು ಮೇಜಿನ ಮೇಲೆ ಟ್ರೇ ಇಡುತ್ತ, “ನಿಮ್ಮ ಪ್ಲೇಟುಗಳೇ ಜಾಸ್ತಿ ಬಂದಿವೆ ಕಣ್ರೀ. ಊರಿಗೆ ಊರೇ ಹಲ್ಲು ಕಡೀತಾ ಇದೆ, ನಮ್ಮ ಹೊಟ್ಟೆ ತುಂಬ್ತಾ ಇದೆ,” ಎಂದು ನಕ್ಕರು. ಅವನೂ ನಕ್ಕ, ಕಟಕ್ ಎಂದಿತು.

ಅವನ ಹತ್ತಿರ ಅವನದೇ ಒಂದು ಪ್ಲೇಟು ಇದೆ. ತಾನೇ ಮಾಡಿಕೊಂಡದ್ದು. ಹಾಕಿಕೊಳ್ಳುವುದಿಲ್ಲ. ಹಾಕಿಕೊಂಡರೆ ಮಾತು ತೊದಲುತ್ತದೆ, ಮಲಗುವ ಮುಂಚೆ ಹೆಂಡತಿಗೆ ಇವತ್ತು ಎಲ್ಲೆಲ್ಲಿ ಹೇಗೆ ನೋಯಿತು ಎಂದು ಹೇಳಲು ಆಗುವುದಿಲ್ಲ. ಅಷ್ಟೇ ಕಾರಣ ಎಂದು ಒಪ್ಪಿಕೊಳ್ಳುವವನಲ್ಲ. ವಾಕರಿಕೆ ಬರುತ್ತದೆ ಎನ್ನುತ್ತಾನೆ. ಒಂದು ದಿನ ಬೆಳಿಗ್ಗೆ ಮಗಳು ಕಣ್ಣುಜ್ಜುತ್ತ ಬಂದು, “ಅಪ್ಪಾ, ರಾತ್ರಿ ನಿಮ್ಮ ರೂಮಿಂದ ಕರಕರ ಅಂತ ಹಲ್ಲು ಕಡಿಯೋ ಸದ್ದು, ಗೋಡೆ ದಾಟಿ ಬರುತ್ತೆ, ಭಯ ಆಗುತ್ತೆ,” ಎಂದಿದ್ದಳು. ಹೇಳಿದರೆ ನಾಚಿಕೆ, ಅವನಿಗೆ ಒಳಗೊಳಗೇ ಹೆಮ್ಮೆಯಾಗಿತ್ತು. ಕೊನೆಗೂ ಒಂದು ಸಾಕ್ಷಿ ಸಿಕ್ಕಿತ್ತು, ಯಾವ ರಿಪೋರ್ಟಿಗೂ ನಾರ್ಮಲ್ ಅನ್ನಲಾಗದ ಸಾಕ್ಷಿ. ಬಂದ ನೆಂಟರಿಗೆಲ್ಲ ಹೇಳಿದ, ಭಾವಮೈದುನನ ಮುಂದೆ ಮಗಳನ್ನು ಕರೆದು ಸದ್ದನ್ನು ಅನುಕರಿಸಿ ತೋರಿಸು ಎಂದೂ ಹೇಳಿದ. ಹೆಂಡತಿ ಆಗ ಕಾಫಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋಗಿದ್ದಳು. ಹಲ್ಲಿನ ಡಾಕ್ಟರು ಮಾತ್ರ ಅವನ ಬಾಯಿಗೆ ಬೆಳಕು ಬಿಟ್ಟು ನೋಡಿ, “ನಿಮ್ಮದು ಕಡಿಯೋದಲ್ಲ, ಬಿಗಿಯಾಗಿ ಕಚ್ಚಿ ಹಿಡಿಯೋದು. ಹಲ್ಲು ಸವೆದೇ ಇಲ್ಲವಲ್ಲ. ಕಚ್ಚೋರ ಬಾಯಿಂದ ಸದ್ದು ಬರಲ್ಲ,” ಎಂದುಬಿಟ್ಟಿದ್ದರು. ಆ ಡಾಕ್ಟರಿಗೆ ಏನೂ ಗೊತ್ತಿಲ್ಲ ಎಂದುಕೊಂಡು ಬಂದ. ಕಚ್ಚುವವರ ಹಲ್ಲು ಬೇರೆ, ಕಡಿಯುವವರ ಹಲ್ಲು ಬೇರೆ, ದಿನಬೆಳಗಾದರೆ ಎರಡನ್ನೂ ಕೈಯಲ್ಲಿ ಹಿಡಿಯುವವನು ಅವನು. ತನ್ನ ಬಾಯಿಯ ವಿಷಯಕ್ಕೆ ಬಂದಾಗ ಅದನ್ನು ಮರೆತ.

ಟ್ರೇಯಲ್ಲಿದ್ದ ಮೂರನೆಯ ಅಚ್ಚು ಊರಿನ ಆ ತುದಿಯ ಡಾಕ್ಟರಮ್ಮ ಕಳಿಸಿದ್ದು. ಅವರು ಲ್ಯಾಬಿಗೆ ಕೆಲಸ ಕಳಿಸಲು ಶುರು ಮಾಡಿದ್ದೇ ಇತ್ತೀಚೆಗೆ. ಚೀಟಿಯಲ್ಲಿ ಹೆಸರಿರಲಿಲ್ಲ, ನಂಬರಿತ್ತು. ಸ್ತ್ರೀ, ನಲವತ್ತಾರು, ನೈಟ್ ಗಾರ್ಡ್, ಬೇಗ ಬೇಕು. ಪ್ಲಾಸ್ಟರು ಹೊಯ್ದು, ಗಟ್ಟಿಯಾಗಲು ಬಿಟ್ಟು, ಬೇರೊಬ್ಬರ ಪ್ಲೇಟಿನ ಅಂಚು ಉಜ್ಜಿ ಮುಗಿಸಿ, ಆಮೇಲೆ ಅಚ್ಚು ಬಿಡಿಸಿದ. ಮೇಲಿನ ದವಡೆ ಕೈಗೆ ಬಂತು. ಎಡಗಡೆ ಎರಡನೆಯ ಹಲ್ಲು ಸ್ವಲ್ಪ ತಿರುಗಿ ನಿಂತಿತ್ತು, ಅರ್ಧ ತೆರೆದ ಬಾಗಿಲಿನ ಹಾಗೆ. ಇಂಥ ಹಲ್ಲು ಎಷ್ಟೋ ಜನಕ್ಕಿರುತ್ತದೆ. ನಗುವಾಗ ಅದನ್ನು ಮುಚ್ಚಲು ಕೈ ಅಡ್ಡ ಹಿಡಿಯುವವರೂ ಎಷ್ಟೋ ಜನ ಇರುತ್ತಾರೆ. ಅವನು ಕೆಳಗಿನ ದವಡೆ ಬಿಡಿಸಿದ. ಬಲಗಡೆಯ ದೊಡ್ಡ ದವಡೆಹಲ್ಲು ಟೋಪಿ ಹಾಕಿದ್ದು. ಪ್ಲಾಸ್ಟರಿನಲ್ಲಿ ಎಲ್ಲವೂ ಒಂದೇ ಬಿಳಿ, ಆದರೂ ಟೋಪಿಯ ಅಂಚು ತಿಳಿಯುತ್ತದೆ. ಆ ಅಂಚನ್ನು ಹೊರಗಡೆಯಿಂದ ಒಂದಿಷ್ಟು ಕೆಳಗಿಳಿಸಿ, ಹಿಂಬದಿಗೆ ಸಣ್ಣ ತೋಡು ಬಿಡುವ ರೀತಿ ಈ ಊರಿನಲ್ಲಿ ಒಬ್ಬನದೇ. ಅವನದು.

ಮದುವೆಯಾದ ಹೊಸತರಲ್ಲಿ ಹೆಂಡತಿಗೆ ಆ ಹಲ್ಲು ಹುಳುಕಾಗಿತ್ತು. ಅವನು ಮೂರು ಸಲ ಕೆತ್ತಿ, ಎರಡನ್ನು ಎಸೆದು, ಮೂರನೆಯದನ್ನು ಹತ್ತಿಯಲ್ಲಿ ಸುತ್ತಿ ಮನೆಗೆ ತಂದು ಅವಳ ಅಂಗೈಯಲ್ಲಿ ಇಟ್ಟಿದ್ದ. ಅಷ್ಟಗಲದ ಲೋಹದ ಮೇಲೆ ಗುಡ್ಡ ಕಣಿವೆ ಎಲ್ಲ ಇದ್ದವು. ಅವಳು ಕಿಟಕಿಯ ಬೆಳಕಿಗೆ ಹಿಡಿದು, “ಇದು ಒಳಗಡೆ ಹಲ್ಲು ಅಲ್ವೇನ್ರೀ, ಯಾರೂ ನೋಡಲ್ಲ. ಇಷ್ಟು ಚೆನ್ನಾಗಿ ಯಾಕೆ ಮಾಡಿದ್ರಿ?” ಎಂದಿದ್ದಳು. “ನಾನು ನೋಡ್ತೀನಲ್ಲ,” ಎಂದಿದ್ದ ಅವನು. ಅವಳು ಕೈ ಅಡ್ಡ ಹಿಡಿಯದೆ ನಕ್ಕಿದ್ದಳು, ಅವನು ಅವಳ ಗಲ್ಲ ಹಿಡಿದು ಬಾಯಿ ತೆರೆಸಿ ನೋಡಿಯೂ ಇದ್ದ, ಇಬ್ಬರೂ ಹುಚ್ಚರ ಹಾಗೆ ನಕ್ಕಿದ್ದರು. ಆಮೇಲೆ ಯಾವತ್ತಾದರೂ ನೋಡಿದ್ದನೇ? ನೋಡಿದ ನೆನಪಿಲ್ಲ. ಈಗ ಅಂಗೈಯಲ್ಲಿದ್ದ ಪ್ಲಾಸ್ಟರಿನ ಹಲ್ಲಿನಲ್ಲಿ ಗುಡ್ಡವೂ ಇರಲಿಲ್ಲ, ಕಣಿವೆಯೂ ಇರಲಿಲ್ಲ. ಲೋಹವನ್ನು ಹೀಗೆ ಸವೆಸಬೇಕಾದರೆ ಒಂದೆರಡು ರಾತ್ರಿಯ ಕೆಲಸವಲ್ಲ ಅದು. ಪಕ್ಕದ ಹಲ್ಲುಗಳೂ ನುಣ್ಣಗೆ ಸವೆದಿದ್ದವು, ಕೋರೆಹಲ್ಲಿನ ತುದಿ ಚಪ್ಪಟೆಯಾಗಿತ್ತು. ಕಡಿಯುವವರ ಹಲ್ಲು. ಗೋಡೆ ದಾಟಿ ಮಗಳನ್ನು ಹೆದರಿಸಿದ ಸದ್ದು ಯಾರದು ಎಂದು ಅವನಿಗೆ ಆಗ ತಿಳಿಯಿತು. ನೋವಿನ ಮಾತ್ರೆ ನುಂಗಿ ಅವನು ಸತ್ತ ಹಾಗೆ ಮಲಗಿರುತ್ತಿದ್ದ; ಪಕ್ಕದಲ್ಲಿ ಅವಳು ಕಡಿಯುತ್ತಿದ್ದಳು.

ಮೊದಲು ಬಂದದ್ದು ಸಿಟ್ಟು. ಮರುಕವಲ್ಲ, ತಪ್ಪಿತಸ್ಥನ ಭಾವವಲ್ಲ, ಶುದ್ಧ ಸಿಟ್ಟು. ಅಂಗಡಿಯವನಿಗೆ ಕಳ್ಳನನ್ನು ಹಿಡಿದಾಗ ಬರುವಂಥದ್ದು. ಇವಳಿಗೆ ಏನು ಕಡಿಮೆಯಾಗಿದೆ? ಇವಳ ಸೊಂಟ ನೆಟ್ಟಗಿಲ್ಲವೇ, ಕಾಲು ನೆಟ್ಟಗಿಲ್ಲವೇ? ಈ ಮನೆಯಲ್ಲಿ ನೋವು ಅನ್ನುವುದು ಅವನದು. ಅದೊಂದು ಬಿಟ್ಟು ಅವನ ಹತ್ತಿರ ಬೇರೆ ಏನಿದೆ, ಕೆತ್ತುವ ಕೆಲಸ ಹೋಯಿತು, ಹೆಸರು ಹೋಯಿತು, ಬೆನ್ನಿಗೆ ದಿಂಬು ಬಂತು. ಇದ್ದ ಒಂದನ್ನೂ ಇವಳು ಕದ್ದು, ಗುಟ್ಟಾಗಿ, ಆ ತುದಿಯ ಡಾಕ್ಟರಮ್ಮನ ಹತ್ತಿರ ಹೋಗಿ ಬಾಯಿ ತೆರೆದು ತೋರಿಸಿ ಬಂದಿದ್ದಾಳೆ. ಪೋಷಕರ ಸಭೆ ಎಂದು ಕಳೆದ ವಾರ ತಡವಾಗಿ ಬಂದದ್ದು ಇದಕ್ಕೇ ಇರಬೇಕು. ಗುಟ್ಟು ಮುಚ್ಚಲು ಅಷ್ಟು ದೂರ ಹೋದವಳಿಗೆ ಆ ಡಾಕ್ಟರಮ್ಮನ ಕೆಲಸ ಗಂಡನ ಮೇಜಿಗೇ ಬರುತ್ತದೆ ಎಂದು ಗೊತ್ತಾಗಲಿಲ್ಲ. ಹೇಗೆ ಗೊತ್ತಾಗಬೇಕು? ಯಾವ ಡಾಕ್ಟರು ಬಂದರು, ಯಾವ ಡಾಕ್ಟರು ಬಿಟ್ಟರು ಎಂದು ಅವನು ಮನೆಯಲ್ಲಿ ಹೇಳಿದ್ದರೆ ತಾನೆ? ಮನೆಯಲ್ಲಿ ಅವನು ಮಾತಾಡುವ ವಿಷಯ ಒಂದೇ.

“ಏನ್ರೀ, ಯಾರ ಹಲ್ಲದು, ಪೂಜೆ ಮಾಡೋ ಹಾಗೆ ಹಿಡ್ಕೊಂಡು ಕೂತಿದೀರಲ್ಲ?” ಎಂದಳು ಪಿಂಗಾಣಿ ಅಕ್ಕ. ಪಕ್ಕದ ಮೇಜಿನಲ್ಲಿ ಪಿಂಗಾಣಿ ಹಲ್ಲುಗಳಿಗೆ ಬಣ್ಣ ಹಾಕುವವಳು ಅವಳು, ಲ್ಯಾಬಿಗೆಲ್ಲ ಹಳಬಳು. ಮೊದಮೊದಲು ದಿನಾ ಸೊಂಟ ಹೇಗಿದೆ ಎಂದು ಕೇಳುತ್ತಿದ್ದಳು, ಈಗ ಕೇಳುವುದಿಲ್ಲ.

“ಯಾರದೋ,” ಎಂದ ಅವನು.

ಅವಳು ಕನ್ನಡಕ ಏರಿಸಿ ಬಗ್ಗಿ ನೋಡಿದಳು. “ಅಯ್ಯಯ್ಯೋ! ಪಾಪ, ಈಯಮ್ಮ ಹೇಗೆ ಕಡಿದಿದಾಳೆ ನೋಡ್ರೀ. ಗಂಡನ್ನ ಕಡಿಯೋಕೆ ಧೈರ್ಯ ಸಾಲದೆ ಹಲ್ಲು ಕಡಿದಿರ್ಬೇಕು.” ತನ್ನ ಮಾತಿಗೆ ತಾನೇ ನಕ್ಕಳು. ಅವನೂ ನಕ್ಕ. ನಗದೆ ಏನು ಮಾಡುವುದು?

ಮೇಲಿನ ಕೆಳಗಿನ ದವಡೆಗಳನ್ನು ಬಾಯಿಯ ಹಾಗೆ ತೆರೆದು ಮುಚ್ಚುವ ಹಿತ್ತಾಳೆಯ ಕೀಲಿಗೆ ಕೂರಿಸಿ, ಅಕ್ರಿಲಿಕ್ ಕಲೆಸಿ, ಪ್ಲೇಟು ಎರಕ ಮಾಡಿದ. ಕೈಗೆ ಕೆಲಸ ಗೊತ್ತಿತ್ತು, ತಲೆ ಬೇರೆ ಕಡೆ ಓಡುತ್ತಿತ್ತು. ಅವಳು ಇತ್ತೀಚೆಗೆ ಸೇಬು ತಿನ್ನುವುದಿಲ್ಲ. ಅವನಿಗಾಗಿ ತ್ಯಾಗ ಮಾಡುತ್ತಿದ್ದಾಳೆ ಎಂದುಕೊಂಡು ಒಂದು ದಿನ “ನಿನಗೂ ಒಂದು ಹೋಳು ತಗೋ” ಎಂದು ದೊಡ್ಡ ಮನಸ್ಸು ಮಾಡಿದ್ದ. ಅವಳು ಊಟಕ್ಕೆ ತುಂಬ ಹೊತ್ತು ಮಾಡುತ್ತಾಳೆ. ಬೆಳಿಗ್ಗೆ ಕೆನ್ನೆಗೆ ಕೈ ಆನಿಸಿಕೊಂಡು ಕಿಟಕಿಯಲ್ಲಿ ನಿಂತಿರುತ್ತಾಳೆ. ಅದನ್ನು ಅವನು ಮುನಿಸು ಎಂದು ತಿಳಿದು, ಆ ಮುನಿಸಿಗೆ ಪ್ರತಿಯಾಗಿ ತಾನೂ ಒಂದು ದಿನ ಮಾತು ಬಿಟ್ಟಿದ್ದ. ಹೋದ ತಿಂಗಳು ಅವಳು “ತಲೆ ನೋಯ್ತಿದೆ ಕಣ್ರೀ” ಎಂದದ್ದು ನೆನಪಾಯಿತು. ಅವನು ಏನೆಂದ? “ತಲೆನೋವು ಒಂದು ನೋವೇನೇ?” ಎಂದ. ಅವಳು ಹೋಗಿ ಅವನಿಗೆ ಬಿಸಿನೀರಿನ ಚೀಲ ತುಂಬಿ ತಂದಳು.

ನೀಲಿ ಕಾಗದ ಇಟ್ಟು ಕೀಲು ಮುಚ್ಚಿ ತೆರೆದ. ಪ್ಲೇಟಿನ ಮೇಲೆ ಎಲ್ಲೆಲ್ಲಿ ಹಲ್ಲು ತಾಗುತ್ತದೋ ಅಲ್ಲೆಲ್ಲ ನೀಲಿ ಚುಕ್ಕೆ ಮೂಡುತ್ತದೆ, ಹೆಚ್ಚು ತಾಗುವ ಕಡೆ ಉಜ್ಜಬೇಕು, ಎಲ್ಲ ಹಲ್ಲೂ ಒಂದೇ ಸಮ ಕೂರಬೇಕು. ಬಲಗಡೆ ಒಂದು ಚುಕ್ಕೆ ಗಾಢವಾಗಿತ್ತು. ಅದೇ ಟೋಪಿಯ ಎದುರಿಗೆ. ಅದನ್ನು ಹಾಗೇ ಬಿಟ್ಟರೆ? ಒಂದು ಕೂದಲೆಳೆಯಷ್ಟು ಎತ್ತರ ಸಾಕು. ಅಷ್ಟಕ್ಕೇ ದವಡೆ ಇಡೀ ರಾತ್ರಿ ಆ ಒಂದು ಕಡೆ ಹುಡುಕಿ ಹುಡುಕಿ ಒತ್ತುತ್ತದೆ, ಬೆಳಿಗ್ಗೆ ಬಾಯಿ ತೆರೆಯಲು ಆಗುವುದಿಲ್ಲ. ಆಗ ಗೊತ್ತಾಗುತ್ತದೆ ನೋವು ಅಂದರೆ ಏನು ಅಂತ. ಡಾಕ್ಟರಮ್ಮ ಹಾಕುವಾಗ ನೋಡಿದರೆ ನೋಡಿದಳು, ಬಿಟ್ಟರೆ ಬಿಟ್ಟಳು. ಅವನು ಪ್ಲೇಟನ್ನು ಪಕ್ಕಕ್ಕಿಟ್ಟು, ಡಬ್ಬಿ ತೆರೆದು ಸೇಬಿನ ಹೋಳು ಬಾಯಿಗೆ ಹಾಕಿಕೊಂಡ. ಬೆಳಿಗ್ಗೆ ಹೆಚ್ಚಿದ್ದು, ಅಂಚು ಕಂದಿತ್ತು. ಎಷ್ಟು ತೆಳ್ಳಗೆ ಹೆಚ್ಚಿದ್ದಳೆಂದರೆ ಹಲ್ಲೇ ಬೇಕಾಗಲಿಲ್ಲ, ನಾಲಿಗೆಗೇ ಕರಗಿತು. ಇಷ್ಟು ತೆಳ್ಳಗೆ ಹೆಚ್ಚಬೇಕು ಎಂದು ಅವಳಿಗೆ ಯಾರು ಹೇಳಿಕೊಟ್ಟರು, ಅವಳ ದವಡೆಯೇ ಹೇಳಿಕೊಟ್ಟಿರಬೇಕು. ಅವನು ಥೂ ಎಂದುಕೊಂಡ. ಹೀಗೆ ತನ್ನನ್ನು ತಾನು ಥೂ ಎಂದುಕೊಳ್ಳುವುದರಲ್ಲೂ ಒಂದು ಸುಖವಿದೆ ಎಂದು ಅವನಿಗೆ ಗೊತ್ತಿತ್ತು, ಅದಕ್ಕೂ ಥೂ ಎಂದುಕೊಂಡ.

ಆಮೇಲೆ ದೀಪ ಹತ್ತಿರಕ್ಕೆಳೆದು ಕೂತು ಉಜ್ಜಿದ. ಆ ಗಾಢ ಚುಕ್ಕೆ ತೆಗೆದ. ಕಾಗದ ಇಟ್ಟ, ಮುಚ್ಚಿದ, ತೆರೆದ, ಮತ್ತೆ ಉಜ್ಜಿದ. ಅಂಚು ಒಸಡಿಗೆ ತಾಗದ ಹಾಗೆ ನಯ ಮಾಡಿದ. ತಿರುಗಿ ನಿಂತ ಆ ಹಲ್ಲಿಗೆ ಪ್ಲೇಟು ಒತ್ತಬಾರದೆಂದು ಒಳಗಡೆ ಒಂದು ಸಣ್ಣ ಜಾಗ ಬಿಟ್ಟ, ಆ ಜಾಗ ಬಿಡಬೇಕೆಂದು ಯಾವ ಡಾಕ್ಟರೂ ಕೇಳುವುದಿಲ್ಲ. ದಿಂಬಿಗೆ ಒರಗದೆ, ಮುಂದಕ್ಕೆ ಬಗ್ಗಿ, ಹಿಂದೆ ಟೋಪಿ ಕೆತ್ತುತ್ತಿದ್ದಾಗ ಕೂರುತ್ತಿದ್ದ ಹಾಗೆ ಕೂತಿದ್ದ. ಹೊಳಪು ಕೊಟ್ಟು ಮುಗಿಸಿ ಬೆಳಕಿಗೆ ಹಿಡಿದಾಗ ಪ್ಲೇಟು ನೀರಿನ ಹಾಗೆ ಕಂಡಿತು. ಅವನು ಮಾಡಿದ ನೂರಾರು ಪ್ಲೇಟುಗಳಲ್ಲಿ ಇಷ್ಟು ಚೆನ್ನಾಗಿ ಯಾವುದೂ ಬಂದಿರಲಿಲ್ಲ. ಇದನ್ನು ಹಾಕಿಕೊಂಡರೂ ಅವಳು ಕಡಿಯುತ್ತಾಳೆ. ಪ್ಲೇಟು ಕಡಿಯುವುದನ್ನು ನಿಲ್ಲಿಸುವುದಿಲ್ಲ, ಹಲ್ಲು ಉಳಿಸುತ್ತದೆ ಅಷ್ಟೆ. ಕಡಿಯುವುದನ್ನು ನಿಲ್ಲಿಸಬೇಕಾದರೆ ಬೇರೆ ಏನಾದರೂ ನಿಲ್ಲಬೇಕು. ಅದೇನೆಂದು ಅವನಿಗೆ ಗೊತ್ತಿಲ್ಲದೆ ಇರಲಿಲ್ಲ. ಯಜಮಾನರು ಬಂದು ಪ್ಲೇಟನ್ನು ತಿರುಗಿಸಿ ನೋಡಿ, “ಏನ್ರೀ ಇದು, ಹಳೇ ಕೈ ವಾಪಸ್ ಬಂದ ಹಾಗಿದೆಯಲ್ಲ!” ಎಂದು ಡಬ್ಬಿಯಲ್ಲಿ ಹಾಕಿ ಡಾಕ್ಟರಮ್ಮನಿಗೆ ಕಳಿಸಲು ತೆಗೆದುಕೊಂಡು ಹೋದರು.

ಎದ್ದು ನಿಂತಾಗ ಗೊತ್ತಾಯಿತು, ಸೊಂಟ ನೋಯುತ್ತಿಲ್ಲ. ಪೂರ್ತಿ ಇಲ್ಲ ಅಂತಲ್ಲ. ಎಲ್ಲೋ ಆಳದಲ್ಲಿ ಇತ್ತು, ಮನೆಗೆ ಬಂದ ಅತಿಥಿ ಒಳಕೋಣೆಯಲ್ಲಿ ಮಲಗಿದ್ದ ಹಾಗೆ. ಎರಡು. ಹೆಚ್ಚೆಂದರೆ ಮೂರು. ಎಷ್ಟು ವರ್ಷಗಳಾಗಿದ್ದವು ಈ ಅಂಕಿ ಕಂಡು! ಅವನಿಗೆ ಸಂತೋಷವಾಗಬೇಕಿತ್ತು. ಆದದ್ದು ಗಾಬರಿ. ಜೇಬು ಮುಟ್ಟಿ ನೋಡಿಕೊಂಡು ಏನೋ ಬೀಳಿಸಿಕೊಂಡೆನಲ್ಲ ಎನ್ನುವ ಗಾಬರಿ. ಎರಡು ಹೆಜ್ಜೆ ಹಾಕಿ, ಬಗ್ಗಿ, ತಿರುಗಿ, ನೋವನ್ನು ಹುಡುಕಿದ. ಪಿಂಗಾಣಿ ಅಕ್ಕ ನೋಡುತ್ತಿದ್ದುದು ಕಂಡು, ಸೊಂಟಕ್ಕೆ ಕೈ ಕೊಟ್ಟುಕೊಂಡು ಹೊರಟ.

ಬಸ್ಸಿನಲ್ಲಿ ನಿಂತೇ ಬಂದ. ನರಳಲಿಲ್ಲ, ಯಾರೂ ಸೀಟು ಬಿಡಲಿಲ್ಲ. ಕಂಬಿ ಹಿಡಿದುಕೊಂಡು, ಮನೆಗೆ ಹೋದ ಮೇಲೆ ಆಡಬೇಕಾದ ಮಾತನ್ನು ಬಾಯಲ್ಲೇ ತಿರುವಿ ನೋಡಿದ. ಅವಳು ಕೇಳುವ ಮೊದಲು ತಾನು ಕೇಳಬೇಕು. “ಇವತ್ತು ನಿಂದೆಷ್ಟು?” ಇಷ್ಟೇ, ಎರಡೇ ಎರಡು ಪದ ಸಾಕು. ಚಪ್ಪಲಿ ಬಿಡುವ ಮೊದಲೇ ಕೇಳಬೇಕು. ಅವಳು ಗಾಬರಿಯಾಗಬಹುದು, ಏನು ನನ್ನದು ಎನ್ನಬಹುದು. ಆಗ ಹೇಳಬೇಕು, ಹಲ್ಲು ನೋಡಿದೆ ಕಣೇ, ನಾನು ಮಾಡಿದ ಟೋಪಿ ಸವೆದುಹೋಗಿದೆ. ಅಳುತ್ತಾಳೆ. ಅಳಲಿ. ಅತ್ತರೆ ದವಡೆ ಸಡಿಲವಾಗುತ್ತದೆ. ಅವಳು ಒಂದು ಅಂಕಿ ಹೇಳಬೇಕು, ಏಳೋ ಎಂಟೋ ಒಂಬತ್ತೋ, ತಾನು ಹೋಗಿ ನಡುಮನೆಯ ದೀಪ ಆರಿಸಬೇಕು, ಬಿಸಿನೀರಿನ ಚೀಲ ತುಂಬಬೇಕು. ಚೀಲ ಎಲ್ಲಿಡುತ್ತಾರೆ ಎಂದು ಅವನಿಗೆ ಗೊತ್ತಿರಲಿಲ್ಲ. ಇವತ್ತು ಕೇಳದಿದ್ದರೆ ಇನ್ನು ಯಾವತ್ತೂ ಕೇಳುವುದಿಲ್ಲ ಎಂಬುದು ಮಾತ್ರ ಗೊತ್ತಿತ್ತು. ನಾಳೆ ಡಾಕ್ಟರಮ್ಮ ಅವಳ ಬಾಯಿಗೆ ಪ್ಲೇಟು ಕೂರಿಸುತ್ತಾಳೆ. ಅವಳು ಅದನ್ನು ಅವನಿಗೆ ಕಾಣದ ಹಾಗೆ, ಅವನು ಮಾತ್ರೆ ನುಂಗಿ ಮಲಗಿದ ಮೇಲೆ ಹಾಕಿಕೊಳ್ಳುತ್ತಾಳೆ. ಹೀಗೇ ಕೊನೆಯತನಕ ನಡೆದುಬಿಡುತ್ತದೆ.

ಮೆಟ್ಟಿಲು ಹತ್ತುವಾಗ ಮನೆಯೊಳಗಿಂದ ನಗು ಕೇಳಿಸಿತು. ತಾಯಿ ಮಗಳು ಇಬ್ಬರದೂ. ಮಗಳು ಯಾವುದೋ ಮೇಷ್ಟರ ಧ್ವನಿ ಅನುಕರಿಸುತ್ತಿದ್ದಳು, ಹೆಂಡತಿ “ಸಾಕು ಕಣೇ, ಹೊಟ್ಟೆ ನೋಯ್ತಿದೆ,” ಎಂದು ನಗುತ್ತಿದ್ದಳು. ಅವನು ಬಾಗಿಲ ಹೊರಗೆ ನಿಂತು ಕೇಳಿಸಿಕೊಂಡ. ಈ ನಗು ಅವನಿಗೆ ಗೊತ್ತಿತ್ತು. ಕೈ ಅಡ್ಡ ಹಿಡಿಯದ ನಗು. ಎಷ್ಟು ಹೊತ್ತು ನಿಲ್ಲುವುದು, ಬೀಗದ ಕೈ ತೆಗೆದು ಬಾಗಿಲಿಗೆ ಹಾಕಿದ. ನಗು ನಿಂತಿತು. ನಿಧಾನವಾಗಿ ನಿಲ್ಲಲಿಲ್ಲ, ನಲ್ಲಿ ತಿರುಗಿಸಿದ ಹಾಗೆ ನಿಂತಿತು. ಅವನು ಒಳಗೆ ಬರುವಷ್ಟರಲ್ಲಿ ಮಗಳು ಪುಸ್ತಕ ಹಿಡಿದುಕೊಂಡಿದ್ದಳು, ಟೀವಿಯಲ್ಲಿ ಯಾರೋ ಸದ್ದಿಲ್ಲದೆ ಬಾಯಿ ಆಡಿಸುತ್ತಿದ್ದರು, ಹೆಂಡತಿ ಅಡುಗೆಮನೆಯಲ್ಲಿದ್ದಳು. ಅವನ ದವಡೆ ಬಿಗಿಯಿತು.

ಚಪ್ಪಲಿಯಲ್ಲೇ ಅಡುಗೆಮನೆಯ ಬಾಗಿಲಿಗೆ ಹೋದ. ಅಲ್ಲಿಗೆ ಅವನು ಬರುವುದೇ ಅಪರೂಪ. ಬೇಕಾದ್ದೆಲ್ಲ ಅವನಿದ್ದಲ್ಲಿಗೇ ಬರುತ್ತದೆ. ಅವಳು ಬೆನ್ನು ಮಾಡಿ ನಿಂತು ಪಾತ್ರೆ ತೊಳೆಯುತ್ತಿದ್ದಳು. ಸಿಂಕಿನ ಮೇಲಿನ ಗೋಡೆಯಲ್ಲಿ, ಅವಳ ಕಣ್ಣಿನ ಎತ್ತರಕ್ಕೆ, ಒಂದು ನೀಲಿ ಚುಕ್ಕೆ ಇತ್ತು. ಅವನು ಹಚ್ಚಿದ್ದಲ್ಲ. ನೀರು ಸಿಡಿದು ಅದರ ಅಂಚು ಸುರುಟಿತ್ತು, ಹಳೆಯದೇ ಇರಬೇಕು. ಅವನ ಹಾಳೆಯಿಂದ ಒಂದು ಚುಕ್ಕೆ ಕಿತ್ತು, ಅವನು ಎಂದೂ ಬಾರದ ಜಾಗ ನೋಡಿ ಹಚ್ಚಿಕೊಂಡಿದ್ದಳು. ಅವನು ಬಾಗಿಲ ಚೌಕಟ್ಟು ಹಿಡಿದುಕೊಂಡ. ಈಗ, ಎಂದುಕೊಂಡ. ಕೇಳು, ಈಗಲೇ ಕೇಳು. ಬಾಯಿ ತೆರೆದ.

ಕಟಕ್ ಎಂದಿತು.

ಅವಳು ತಿರುಗಿದಳು. ನಕ್ಕ ಕೆಂಪು ಇನ್ನೂ ಕೆನ್ನೆಯಲ್ಲಿತ್ತು. “ಬಂದ್ರಾ? ಏನ್ರೀ, ಚಪ್ಪಲೀನೂ ಬಿಟ್ಟಿಲ್ಲ... ತುಂಬಾ ಇದೆಯಾ?” ಕೈ ಒರೆಸಿಕೊಳ್ಳುತ್ತ ಅವನ ಮುಖ ನೋಡಿದಳು. “ಇವತ್ತು ಎಷ್ಟು?”

ಎರಡು, ಎಂದರೆ ಆಗಿತ್ತು. ಮೂರು ಎಂದರೂ ಆಗಿತ್ತು. ಎರಡು ಕಣೇ, ನಿಂದೆಷ್ಟು? ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಹೊರಗೆ ಮಗಳು ಪುಟ ತಿರುಗಿಸದೆ ಕಾಯುತ್ತಿದ್ದಾಳೆಂದು ಅವನಿಗೆ ತಿಳಿಯುತ್ತಿತ್ತು. ಎರಡು ಎಂದರೆ ಈ ಕ್ಷಣವೇ ಅವರು ಮತ್ತೆ ನಗಲು ಹೋಗುತ್ತಾರೆ; ಬಾಗಿಲ ಹೊರಗೆ ಕೇಳಿಸಿದ ಆ ನಗು ಅವನಿಲ್ಲದೆಯೇ ಮುಂದುವರಿಯುತ್ತದೆ. ಅವಳು ಹೀಗೆ ಕೈ ಒರೆಸಿಕೊಂಡು, ಎಲ್ಲ ಬಿಟ್ಟು, ಅವನ ಮುಖವನ್ನೇ ನೋಡುವುದು ಈ ಒಂದು ಪ್ರಶ್ನೆಗೆ ಮಾತ್ರ. ನಾಳೆ ಕೇಳುತ್ತಾಳೆ, ನಾಡಿದ್ದು ಮರೆಯುತ್ತಾಳೆ. ಆಮೇಲೆ ಅವನು ಈ ಮನೆಯಲ್ಲಿ ಯಾರು?

“ಎಂಟು,” ಎಂದ.

ನಡುಮನೆಯಲ್ಲಿ ದೀಪ ಆರಿತು. ಯಾರೂ ಹೇಳಿರಲಿಲ್ಲ.

“ಅಯ್ಯೋ ಪಾಪ. ಕೂತ್ಕೊಳ್ಳಿ ಹೋಗಿ, ನೀರು ಕಾಯಿಸಿ ತರ್ತೀನಿ,” ಎಂದು ಅವಳು ಒಲೆಯ ಕಡೆ ತಿರುಗಿದಳು. ಕೆನ್ನೆಯ ಕೆಂಪು ಇಳಿದಿತ್ತು. ಕಿವಿಯ ಕೆಳಗೆ, ದವಡೆಯ ಮೂಲೆಯಲ್ಲಿ ಸ್ನಾಯು ಗಂಟು ಕಟ್ಟಿ ಎದ್ದಿತು. ಪಾತ್ರೆ ಇಟ್ಟು ತಲೆಯೆತ್ತಿದವಳ ಕಣ್ಣು ಗೋಡೆಯ ಚುಕ್ಕೆಯ ಮೇಲೆ ಬಿತ್ತು. ತುಟಿ ಸೇರಿದ್ದ ಹಾಗೇ ಗಲ್ಲ ಸ್ವಲ್ಪ ಕೆಳಗಿಳಿಯಿತು, ಗಂಟು ಕರಗಿತು. ಯಾರೋ ಕಲಿಸಿದ ಪಾಠವನ್ನು ಶ್ರದ್ಧೆಯಿಂದ ಒಪ್ಪಿಸುವ ಮಗುವಿನ ಹಾಗೆ ಅವಳು ಉಸಿರು ಬಿಟ್ಟಳು. ಅಷ್ಟು ಹತ್ತಿರದಿಂದ ಅವಳ ಮುಖವನ್ನು ಅವನು ನೋಡಿ ಎಷ್ಟು ಕಾಲವಾಗಿತ್ತೋ.

“ಬೆಳಿಗ್ಗೆ ಎದ್ದಾಗ್ಲೇ ಶುರುವಾಯ್ತು ನೋಡು,” ಎಂದ ಅವನು ಬಾಗಿಲಿಗೆ ಒರಗಿ. “ಮೊದಲು ಸೊಂಟ. ಆಮೇಲೆ ಬಸ್ಸಲ್ಲಿ ತೊಡೆ ಹಿಡೀತು.”

ಅವಳು ಹೂಂ ಎಂದಳು. ಕಿವಿಯ ಕೆಳಗಿನ ಗಂಟು ಮತ್ತೆ ಎದ್ದಿತು. ಎದ್ದದ್ದನ್ನು ಅವನು ನೋಡಿದ, ನೋಡುತ್ತಲೇ ಮುಂದುವರಿಸಿದ.